ಮೊಲಕ್ಕೆ ಗರಿಕೆ ಹುಲ್ಲು ಸಾಕಾ ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ದಾವಣಗೆರೆ ಹತ್ತಿರದ ಹಳ್ಳಿ ನಮ್ಮದು. ಮಗಳ ಮೊಲಕ್ಕೆ 8 ತಿಂಗಳು, ತೂಕ 2 ಕಿಲೋ. ಬಟ್ಟಲು ತುಂಬಾ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ), ದಿನಾ ಕ್ಯಾರೆಟ್, ಆಗಾಗ ಬಿಸ್ಕತ್ತು ತಿನ್ನುತ್ತದೆ. ಹಿಂಭಾಗದಲ್ಲಿ ಮೆತ್ತನೆ ಹಿಕ್ಕೆ ಅಂಟಿಕೊಂಡು ವಾಸನೆ ಬರುತ್ತಿದೆ. ಅಂಗಡಿಯವರು ಟಿಮೊಥಿ ಅನ್ನೋ ಒಣ ಹುಲ್ಲು ಹಾಕಿ ಅಂದರು, ರೇಟು ಜಾಸ್ತಿ. ಹೊಲದ ಬದುವಿನಲ್ಲಿ ಗರಿಕೆ ಬೇಕಾದಷ್ಟಿದೆ, ಕೊಡಬಹುದಾ?

ಡಾಕ್ಟರ್: ಧಾರಾಳವಾಗಿ ಕೊಡಿ ಮೇಡಂ. ಮೊಲದ ಊಟ ಅಂದರೆ ಹುಲ್ಲೇ. ಹೊಟ್ಟೆಗೆ ಹೋಗುವುದರಲ್ಲಿ ಶೇ. 80ಕ್ಕಿಂತ ಜಾಸ್ತಿ ಅದೇ ಇರಬೇಕು, ಹಗಲು ರಾತ್ರಿ ಎದುರಿಗೇ ಇರಬೇಕು. ಅದರ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದಾಗಲೇ ಸರಿಯಾಗಿ ಸವೆಯುವುದು. ಕರುಳು ಸರಿಯಾಗಿ ಕೆಲಸ ಮಾಡುವುದೂ ಹುಲ್ಲಿನ ನಾರಿನಿಂದಲೇ.

ನೀವು ಹೇಳಿದ ಮೆತ್ತನೆ ಹಿಕ್ಕೆ ಬಹುಶಃ ಭೇದಿ ಅಲ್ಲ. ಮೊಲ ಎರಡು ಥರ ಹಿಕ್ಕೆ ಹಾಕುತ್ತದೆ. ಮೆತ್ತನೆಯದನ್ನು ತಾನೇ ಬಾಯಿ ಹಾಕಿ ತಿಂದುಬಿಡುತ್ತದೆ, ವಿಟಮಿನ್ ಇರುವುದೇ ಅದರಲ್ಲಿ. ಸಿಹಿ, ಹಿಟ್ಟಿನ ಪದಾರ್ಥ ಜಾಸ್ತಿಯಾದರೆ ಮೊಲ ಅದನ್ನು ತಿನ್ನದೆ ಬಿಡುತ್ತದೆ, ಆಗ ಹೀಗೆ ಅಂಟಿಕೊಳ್ಳುತ್ತದೆ. ಬಿಸ್ಕತ್ತು ಇವತ್ತೇ ನಿಲ್ಲಿಸಿ. ಕ್ಯಾರೆಟ್ ಯಾವಾಗಲಾದರೂ ಒಂದು ಚೂರು ಸಾಕು. ಪೆಲೆಟ್ಟನ್ನು ನಿಧಾನವಾಗಿ ಇಳಿಸುತ್ತಾ ದಿನಕ್ಕೆ 40–50 ಗ್ರಾಂಗೆ ತನ್ನಿ. ಅಂಟಿದ್ದನ್ನು ಒದ್ದೆ ಬಟ್ಟೆಯಿಂದ ದಿನಾ ಒರೆಸಿ, ಇಲ್ಲದಿದ್ದರೆ ನೊಣ ಮೊಟ್ಟೆ ಇಟ್ಟು ಹುಳ ಬೀಳುತ್ತದೆ, ಮಳೆಗಾಲದಲ್ಲಂತೂ ಇದು ಜೀವಕ್ಕೇ ಅಪಾಯ.

ಔಷಧಿ ಹೊಡೆದ ಹೊಲದ ಬದುವಿನ ಗರಿಕೆ ಮಾತ್ರ ಬೇಡವೇ ಬೇಡ. ಕೊಯ್ದು ರಾಶಿ ಹಾಕಿ ಬಿಸಿಯಾದದ್ದೂ ಬೇಡ. ಹೊಸದಾಗಿ ಶುರುಮಾಡುವಾಗ ಒಂದೊಂದು ಹಿಡಿ ಕೊಟ್ಟು ವಾರ ಹತ್ತು ದಿನದಲ್ಲಿ ಜಾಸ್ತಿ ಮಾಡಿ. ಉಳಿದದ್ದನ್ನು ತೆಳ್ಳಗೆ ಹರಡಿ ನೆರಳಲ್ಲಿ ಗರಿಗರಿಯಾಗಿ ಒಣಗಿಸಿಡಿ. ಬೂಸ್ಟು ವಾಸನೆ ಬಂದರೆ ಎಸೆಯಿರಿ.

ಇನ್ನೊಬ್ಬರು: ಸರ್, ನಾವು ಹಸುವಿಗೆ ಹಾಕುವ ಕುದುರೆ ಮಸಾಲೆ ಸೊಪ್ಪನ್ನೇ ಕೊಡ್ತೀವಿ. ಭತ್ತದ ಹುಲ್ಲೂ ಇದೆ.

ಡಾಕ್ಟರ್: ಕುದುರೆ ಮಸಾಲೆ ಬೆಳೆಯುವ ಮರಿಗೆ, ಬಸುರಿ ಮೊಲಕ್ಕೆ ಒಳ್ಳೆಯದು. ದೊಡ್ಡದಕ್ಕೆ ದಿನಾ ಬೇಡ, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಕೆಲವು ಮೊಲಗಳಿಗೆ ಮೂತ್ರದಲ್ಲಿ ಬಿಳಿ ಗಸಿ ಕಟ್ಟಿ ತೊಂದರೆಯಾಗುತ್ತದೆ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಮಲಗಲು ಹಾಸಿ, ಊಟ ಅದೊಂದೇ ಆಗಬಾರದು.

ಪ್ರಶ್ನೆ ಕೇಳಿದವರು: ಪೆಲೆಟ್ ಪೂರ್ತಿ ತೆಗೆದುಬಿಟ್ಟರೆ ಹಸಿವಾಗಿ ತಾನೇ ಹುಲ್ಲು ತಿನ್ನುತ್ತೆ ಅಲ್ವಾ?

ಡಾಕ್ಟರ್: ದಯವಿಟ್ಟು ಹಾಗೆ ಮಾಡಬೇಡಿ! ಮೊಲವನ್ನು ಉಪವಾಸ ಕೆಡವಿದರೆ ಕರುಳು ನಿಂತುಹೋಗುತ್ತದೆ. ಪೆಲೆಟ್ ಇಳಿಸುವಾಗ ದಿನಾ ಹಿಕ್ಕೆ ನೋಡಿ, ದುಂಡಗೆ ದಪ್ಪಗೆ ಬೀಳುತ್ತಿದ್ದರೆ ಸರಿ. ಸಣ್ಣದಾದರೆ ಇಳಿಸುವುದನ್ನು ನಿಲ್ಲಿಸಿ ನನಗೆ ತಿಳಿಸಿ. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಹತ್ತಿರದ ಪಶುವೈದ್ಯರ ಹತ್ತಿರ ಆಗಲೇ ಕರೆದುಕೊಂಡು ಹೋಗಿ.