1972ರ ಬೀಟಲ್: ಎಂಜಿನ್ ಬಿಸಿಯಾದರೂ ಬಿಡದ ಆಟೋ ಚೋಕ್

ಪ್ರಶ್ನೆ (ಮಿಷಿಗನ್‌ನಿಂದ):
ನನ್ನ ಬಳಿ 1972ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. 1600 ಸಿಸಿ ಎಂಜಿನ್, ಸೋಲೆಕ್ಸ್ 34 ಪಿಕ್ಟ್-3 ಕಾರ್ಬುರೇಟರ್. ಬೆಳಗಿನ ಚಳಿಯಲ್ಲಿ ಗಾಡಿ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಆದರೆ ಹತ್ತು ಮೈಲಿ ಓಡಿಸಿದ ಮೇಲೂ ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ) ಇಳಿಯುವುದಿಲ್ಲ, ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬರುತ್ತದೆ, ಪ್ಲಗ್‌ಗಳಿಗೆ ಒಣ ಮಸಿ ಹಿಡಿಯುತ್ತದೆ. ವಿಚಿತ್ರವೆಂದರೆ, ಬಿಸಿ ಎಂಜಿನ್ನಿನ ಮೇಲೆ ಏರ್ ಕ್ಲೀನರ್ ಬಿಚ್ಚಿ ನೋಡಿದರೆ ಚೋಕ್ ಫಲಕ (ತಣ್ಣಗಿನ ಎಂಜಿನ್ನಿಗೆ ಗಾಳಿ ತಗ್ಗಿಸುವ ತಟ್ಟೆ) ನೆಟ್ಟಗೆ, ಪೂರ್ತಿ ತೆರೆದೇ ನಿಂತಿರುತ್ತದೆ. ಕರೆಂಟಿನಿಂದ ಕಾದು ಆ ಫಲಕವನ್ನು ತೆರೆಯುವ ಚೋಕ್ ಎಲಿಮೆಂಟ್ ಬದಲಿಸಬೇಕೇ?

ಉತ್ತರ 1:
ಎಲಿಮೆಂಟ್ ಕೊಳ್ಳುವ ಮೊದಲು ದೋಷ ಕರೆಂಟಿನದೋ ಯಂತ್ರಭಾಗದ್ದೋ ಎಂದು ಬೇರ್ಪಡಿಸಿಕೊಳ್ಳಿ. ಕಾರ್ಬುರೇಟರಿನ ಬಲಬದಿಯ ದುಂಡನೆಯ ಎಲಿಮೆಂಟಿಗೆ ಇಗ್ನಿಷನ್ ಕಾಯಿಲ್‌ನ ಪ್ಲಸ್ ಕಡೆಯಿಂದ ಒಂದು ವೈರ್ ಬರುತ್ತದೆ. ಎಂಜಿನ್ ಓಡುತ್ತಿರುವಾಗ ಅಲ್ಲಿ 12 ವೋಲ್ಟ್‌ಗೆ ಕಡಿಮೆಯಿಲ್ಲದಂತೆ ಸಿಗಬೇಕು. (ಎಂಜಿನ್ ನಿಲ್ಲಿಸಿ ಇಗ್ನಿಷನ್ ಮಾತ್ರ ಬಹಳ ಹೊತ್ತು ಆನ್ ಇಟ್ಟರೆ ಕಾಯಿಲ್ ಕಾದು ಹಾಳಾದೀತು.) ವೋಲ್ಟೇಜ್ ಸರಿಯಿದ್ದು ಕೆಲವು ನಿಮಿಷಗಳಲ್ಲಿ ಎಲಿಮೆಂಟ್ ಮುಟ್ಟಿದರೆ ಬೆಚ್ಚಗಾಗಿದ್ದರೆ, ಒಳಗಿನ ಬೈಮೆಟಲ್ ಸುರುಳಿ (ಕಾದಂತೆ ಆಕಾರ ಬದಲಿಸಿ ಫಲಕ ತೆರೆಯುವ ಎರಡು ಲೋಹಗಳ ಪಟ್ಟಿ) ಕಾಯುತ್ತಿದೆ ಎಂದು ತಿಳಿಯಬಹುದು. ಆಗ ಫಲಕದ ಶಾಫ್ಟ್‌ಗೆ ಪೆಟ್ರೋಲಿನ ಅಂಟು ಕಟ್ಟಿರಬಹುದು. ತಣ್ಣಗಿನ ಎಂಜಿನ್ನಿನಲ್ಲಿ ಕಾರ್ಬ್ ಕ್ಲೀನರ್ ಸಿಂಪಡಿಸಿ ಆಡಿಸಿ, ಎಣ್ಣೆಯನ್ನಂತೂ ಹಾಕಬೇಡಿ, ಅದು ಧೂಳನ್ನು ಕರೆದು ಕೂರಿಸುತ್ತದೆ.

ಉತ್ತರ 2 (ಬೆಂಗಳೂರಿನಿಂದ):
ಮೇಲಿನವರ ಮಾತು ಸರಿಯೇ, ಆದರೆ ಪ್ರಶ್ನೆಯಲ್ಲಿಯೇ ಸುಳಿವಿದೆ. ಏರ್ ಕ್ಲೀನರ್ ಬಿಚ್ಚಿದಾಗ ಮಾತ್ರ ಫಲಕ ಬಿಡುತ್ತದೆ ಎಂದಾದರೆ, ಅದನ್ನು ಹಿಡಿದಿರುವುದು ಏರ್ ಕ್ಲೀನರಿನ ಕ್ಲ್ಯಾಂಪ್ ಎಂದು ನನ್ನ ಊಹೆ. ಕಾರ್ಬುರೇಟರಿನ ಮೇಲ್ಭಾಗ ಮೆತ್ತನೆಯ ಲೋಹದ್ದು. ಕ್ಲ್ಯಾಂಪ್ ಸ್ಕ್ರೂವನ್ನು ಬಿಗಿದಷ್ಟೂ ಅದರ ಬಾಯಿ ಕೂದಲೆಳೆಯಷ್ಟು ಅಂಡಾಕಾರವಾಗಿ, ಶಾಫ್ಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದನ್ನು ಪರೀಕ್ಷಿಸಲು ಏರ್ ಕ್ಲೀನರ್ ತೆಗೆಯಲೇಬೇಕಿಲ್ಲ. ಎಡಬದಿಯಲ್ಲಿ ಅದೇ ಶಾಫ್ಟಿನ ತುದಿಗೆ ಮೆಟ್ಟಿಲು ಮೆಟ್ಟಿಲಾದ ಕ್ಯಾಮ್ ಇದೆ, ಫಾಸ್ಟ್ ಐಡಲ್ ಸ್ಕ್ರೂ (ಚೋಕ್ ಮುಚ್ಚಿರುವಾಗ ಐಡಲ್ ಏರಿಸಿಡುವ ಸ್ಕ್ರೂ) ಅದರ ಮೇಲೆ ಕೂರುತ್ತದೆ. ಬಿಸಿ ಎಂಜಿನ್ನಿನಲ್ಲಿ ಥ್ರಾಟಲ್ಲನ್ನು (ಆಕ್ಸಿಲರೇಟರ್ ಎಳೆಯುವ ಸನ್ನೆಯನ್ನು) ಸ್ವಲ್ಪ ಎತ್ತಿ ಬಿಡಿ. ಸ್ಕ್ರೂ ಕೊನೆಯ ಮೆಟ್ಟಿಲಿಗೆ ಇಳಿಯದೆ ನಡುವೆಯೇ ನಿಂತರೆ, ಕ್ಲ್ಯಾಂಪನ್ನು ಸಡಿಲಿಸಿ ಮತ್ತೆ ಎತ್ತಿ ಬಿಟ್ಟು ನೋಡಿ. ಥ್ರಾಟಲ್ ಎತ್ತದೆ ಪರೀಕ್ಷಿಸಿದರೆ ಮೋಸಹೋಗುತ್ತೀರಿ, ಏಕೆಂದರೆ ಸ್ಕ್ರೂವಿನ ಒತ್ತಡವೇ ಕ್ಯಾಮ್ ಅನ್ನು ಹಿಡಿದಿಟ್ಟಿರುತ್ತದೆ.

ಪ್ರಶ್ನಿಸಿದವರು:
ವೋಲ್ಟೇಜ್ ಸರಿಯಾಗಿಯೇ ಇತ್ತು. ಕ್ಲ್ಯಾಂಪನ್ನು ಅರ್ಧ ಸುತ್ತು ಸಡಿಲಿಸಿ ಥ್ರಾಟಲ್ ಎತ್ತಿ ಬಿಟ್ಟಾಗ ಕ್ಯಾಮ್ ಟಕ್ಕೆಂದು ತಿರುಗಿ, ಐಡಲ್ ಅದೇ ಕ್ಷಣ ಇಳಿಯಿತು. ಈಗ ಏರ್ ಕ್ಲೀನರ್ ಕೈಯಲ್ಲಿ ಅಲುಗಾಡದಷ್ಟು ಮಾತ್ರ ಬಿಗಿದಿದ್ದೇನೆ. ಇನ್ನೊಂದು ಸಂದೇಹ: ಎಲಿಮೆಂಟಿನ ಗುರುತು ಹೌಸಿಂಗಿನ ನಡುಗೆರೆಗೆ ಸರಿಹೊಂದಿಲ್ಲ, ಹಾಗೆಯೇ ಬಿಡಬಹುದೇ?

ಉತ್ತರ 2:
ಬಿಡಬೇಡಿ. ಉಂಗುರದ ಮೂರು ಸ್ಕ್ರೂ ಸಡಿಲಿಸಿ, ತಣ್ಣಗಿನ ಎಂಜಿನ್ನಿನಲ್ಲಿ, ಗುರುತನ್ನು ನಡುಗೆರೆಗೆ ತನ್ನಿ. ನಮ್ಮೂರಿನ ಹವೆಗೆ ಫಲಕ ಬೇಗ ತೆರೆಯುವ ಕಡೆಗೆ ಸ್ವಲ್ಪ ತಿರುಗಿಸಿಟ್ಟರೂ ನಡೆಯುತ್ತದೆ, ಮಿಷಿಗನ್ನಿನ ಜನವರಿಗೆ ಅದು ಸಾಲದು.