ದಿನಾ 20 ನಿಮಿಷ ಮಕ್ಕಳನ್ನು ಸುಮ್ನೆ ಓದಲು ಬಿಟ್ಟರೆ ಪ್ರಯೋಜನ ಇದೆಯಾ?

ಕನ್ನಡ_ಟೀಚರ್_ವಿಪೇಟೆ

ವಿರಾಜಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಟೀಚರ್ ನಾನು. ಬಿಸಿಯೂಟ ಆದ ಮೇಲೆ 5ರಿಂದ 7ನೇ ಕ್ಲಾಸಿನವರಿಗೆ ದಿನಾ 20 ನಿಮಿಷ ಮೌನ ಓದು ಅಂತ ಇಡುವ ಯೋಚನೆ ಇದೆ. ಪುಸ್ತಕ ಅವರೇ ಆರಿಸಿಕೊಳ್ಳಬೇಕು, ಪ್ರಶ್ನೆ ಇಲ್ಲ, ಮಾರ್ಕ್ಸ್ ಇಲ್ಲ. ಎಚ್‌ಎಂ ಬೇಡ ಅಂದಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ತಕರಾರು ಶುರುವಾಗಿದೆ. ಜುಲೈನಲ್ಲಿ ಮಳೆ ರಜೆ ಕೊಡುತ್ತಾರೆ, ಆಮೇಲೆ ಶನಿವಾರ ಪೂರ್ತಿ ಕ್ಲಾಸ್ ಮಾಡಿ ಸರಿದೂಗಿಸಬೇಕು, ಇದರ ಮಧ್ಯೆ ಸಿಲಬಸ್ ಮುಗಿಸುವುದು ಯಾವಾಗ ಅಂತ ಕೆಲವರು. ಮಕ್ಕಳು ಓದುವುದಿಲ್ಲ, ಪುಸ್ತಕ ಹಿಡಿದು ನಾಟಕ ಮಾಡುತ್ತಾರೆ ಅಂತ ಇನ್ನು ಕೆಲವರು. ನನಗೆ ಇರುವ ಚಿಂತೆ ಬೇರೆ. ನನ್ನ ಕ್ಲಾಸಿನಲ್ಲಿ ಮನೆಯಲ್ಲೂ ಕನ್ನಡ ಮಾತಾಡುವವರು ಕಮ್ಮಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಭಾಷೆ, ಜೊತೆಗೆ ಕಾಫಿ ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಅಸ್ಸಾಂ ಕಡೆಯ ಮಕ್ಕಳು. ಇವರನ್ನೆಲ್ಲ ಒಟ್ಟಿಗೆ ಕೂರಿಸಿ ಮನಸ್ಸಿನಲ್ಲೇ ಓದಿ ಅಂದರೆ ಆಗುತ್ತಾ? ಮಾಡಿ ನೋಡಿದವರು ಹೇಳಿ.

ಮೇಷ್ಟ್ರು_ಸೋಮವಾರಪೇಟೆ

ಖಂಡಿತ ಮಾಡಿ ಮೇಡಂ. ಇದು ಹೊಸದೇನಲ್ಲ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿದ್ದ ಲೈಮನ್ ಹಂಟ್ 1960ರ ದಶಕದಲ್ಲೇ ಇದನ್ನು ಶುರು ಮಾಡಿಸಿದವರು. ನನಗೆ ಇಷ್ಟ ಆಗಿದ್ದು ಜಪಾನಿನವರ ರೀತಿ. 1988ರಲ್ಲಿ ಚಿಬಾ ಪ್ರಾಂತ್ಯದ ಒಂದು ಹೈಸ್ಕೂಲಿನಲ್ಲಿ ಶುರುವಾಗಿದ್ದು, ಬೆಳಿಗ್ಗೆ ಪಾಠಕ್ಕೆ ಮುಂಚೆ ಬರೀ 10 ನಿಮಿಷ, ಆಮೇಲೆ ದೇಶದ ತುಂಬಾ ಹರಡಿತು. ಅವರ ನಿಯಮ ಇಷ್ಟೇ: ಎಲ್ಲರೂ ಓದಬೇಕು, ದಿನಾ ಓದಬೇಕು, ಇಷ್ಟ ಬಂದ ಪುಸ್ತಕ ಓದಬಹುದು, ಓದಿದರೆ ಸಾಕು ಬೇರೇನೂ ಮಾಡಬೇಕಿಲ್ಲ.

ಎಲ್ಲರೂ ಅಂದರೆ ಟೀಚರ್ ಕೂಡ. ಎಡವಟ್ಟಾಗುವುದು ಇಲ್ಲೇ. ಮಕ್ಕಳಿಗೆ ಓದಿ ಅಂತ ಹೇಳಿ ನಾವು ಹಾಜರಿ ಹಾಕುವುದು, ಹಾಲಿನ ಲೆಕ್ಕ ಬರೆಯುವುದು, ಮೊಬೈಲಿನಲ್ಲಿ ಇಲಾಖೆಯ ಮೆಸೇಜ್ ನೋಡುವುದು ಮಾಡಿದರೆ ಒಂದೇ ವಾರದಲ್ಲಿ ಅವರಿಗೂ ಗೊತ್ತಾಗುತ್ತೆ ಇದು ಟೈಂಪಾಸ್ ಪೀರಿಯಡ್ ಅಂತ. ಊಟ ಆದ ಮೇಲೆ ಬೇಡ, ಅರ್ಧ ಮಕ್ಕಳು ತೂಕಡಿಸುತ್ತಾರೆ, ಇನ್ನರ್ಧ ತಟ್ಟೆ ತೊಳೆದು ಬರುವಾಗಲೇ 10 ನಿಮಿಷ ಹೋಗಿರುತ್ತೆ. ಪ್ರಾರ್ಥನೆ ಮುಗಿದ ಕೂಡಲೇ ಇಡಿ.

ಒತ್ತಕ್ಷರ

ಮೇಷ್ಟ್ರು ಹೇಳಿದ್ದು ಓದಲು ಬರುವ ಮಕ್ಕಳಿಗೆ ಸರಿ. ಹೈಸ್ಕೂಲ್ ಹುಡುಗರ ಲೆಕ್ಕ ಬೇರೆ, 5ನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಸಿಕ್ಕಿದ ಕಡೆ ನಿಂತುಬಿಡುವ ಮಗುವಿನ ಲೆಕ್ಕ ಬೇರೆ, ಅಲ್ವಾ? ಅದಕ್ಕೆ ಮೌನ ಅಂದರೆ ಶಿಕ್ಷೆ. ತಪ್ಪು ಓದಿದರೆ ತಿದ್ದುವವರೂ ಇಲ್ಲ.

2000ನೇ ಇಸವಿಯಲ್ಲಿ ಅಮೆರಿಕದ ರಾಷ್ಟ್ರೀಯ ಓದು ಸಮಿತಿ ಆವರೆಗಿನ ಅಧ್ಯಯನಗಳನ್ನು ಆರಿಸಿ ನೋಡಿತು. ಟೀಚರ್ ಜೊತೆ ಗಟ್ಟಿಯಾಗಿ ಮತ್ತೆ ಮತ್ತೆ ಓದಿಸಿ ತಿದ್ದಿದರೆ ಓದು ಸರಾಗ ಆಗುತ್ತೆ ಅನ್ನುವುದಕ್ಕೆ ಆಧಾರ ಸಿಕ್ಕಿತು. ಸುಮ್ನೆ ಒಬ್ಬೊಬ್ಬರೇ ಓದಲು ಬಿಟ್ಟರೆ ಆಗುತ್ತೆ ಅನ್ನುವುದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ. ಪಾಠದ ಟೈಮ್ ಕಿತ್ತುಕೊಂಡು ಇದನ್ನು ಮಾಡುವುದಾದರೆ ನನ್ನ ವಿರೋಧ ಇದೆ.

ಮೇಷ್ಟ್ರು_ಸೋಮವಾರಪೇಟೆ

ಆಧಾರ ಸಾಲದು ಅಂದರು, ಪ್ರಯೋಜನ ಇಲ್ಲ ಅಂತ ಅನ್ನಲಿಲ್ಲ. ಅವರು ನೋಡಿದ ಅಧ್ಯಯನಗಳೇ ಕಮ್ಮಿ ಅಂತ ಭಾಷಾ ಕಲಿಕೆಯ ತಜ್ಞ ಸ್ಟೀಫನ್ ಕ್ರ್ಯಾಶೆನ್ ಥರದವರು ಆಗಲೇ ಜಗಳ ತೆಗೆದಿದ್ದರು. ಆದರೆ ಒತ್ತಕ್ಷರದ ಮಾತು ಒಪ್ಪುತ್ತೇನೆ. ಅಂಥ ಮಕ್ಕಳನ್ನು ಇಬ್ಬಿಬ್ಬರಂತೆ ಜಗಲಿಯಲ್ಲಿ ಕೂರಿಸಿ, ಒಬ್ಬರಿಗೊಬ್ಬರು ಮೆಲ್ಲಗೆ ಓದಿ ಹೇಳಲಿ. ಮೌನ ಅನ್ನುವುದನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದು ಬೇಡ. ಹೇಗಿದ್ದರೂ ಆಷಾಢದಲ್ಲಿ ಶೀಟಿನ ಮೇಲೆ ಮಳೆ ಬೀಳುವಾಗ ಮೌನ ಎಲ್ಲಿಂದ ಬರಬೇಕು!

ಗೋಣಿಕೊಪ್ಪದ_ಅಮ್ಮ

ನಾನು ಟೀಚರ್ ಅಲ್ಲ, ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರು ಇರುವ ಶಾಲಾ ಸಮಿತಿಯಲ್ಲಿ ಇದ್ದವಳು. ಎಲ್ಲರೂ ನಿಮಿಷದ ಬಗ್ಗೆ ಮಾತಾಡುತ್ತಿದ್ದೀರಿ, ಪುಸ್ತಕ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ. ನನ್ನ ಮಗಳ ಶಾಲೆಯಲ್ಲಿ ಪುಸ್ತಕ ಇತ್ತು, ಬೀರುವಿನ ಒಳಗೆ, ಬೀಗ ಹಾಕಿ. ಕಳೆದರೆ ಸ್ಟಾಕ್ ರಿಜಿಸ್ಟರಿನಲ್ಲಿ ಲೆಕ್ಕ ಕೊಡಬೇಕು ಅನ್ನುವ ಭಯ. ಮಳೆಗಾಲ ಮುಗಿದು ತೆಗೆದಾಗ ಅರ್ಧ ಪುಸ್ತಕಕ್ಕೆ ಬೂಸ್ಟು ಹಿಡಿದಿತ್ತು. ಮಕ್ಕಳ ಕೈಗೆ ಕೊಟ್ಟಿದ್ದರೆ ಹರಿಯುತ್ತಿತ್ತು, ನಿಜ, ಆದರೆ ಓದಿ ಹರಿಯುತ್ತಿತ್ತು. ದಾರ ಕಟ್ಟಿ ತೂಗುಹಾಕಿ, ಮಕ್ಕಳ ಕೈಗೆ ಎಟಕುವಷ್ಟು ಎತ್ತರದಲ್ಲಿ.

ಪುಸ್ತಕ ಸಾಲದಿದ್ದರೆ ಪಂಚಾಯಿತಿ ಲೈಬ್ರರಿಗೆ ಹೋಗಿ. 2020ರಲ್ಲಿ ‘ಓದುವ ಬೆಳಕು’ ಅಂತ ಕಾರ್ಯಕ್ರಮ ಬಂದ ಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಕನ್ನಡ_ಟೀಚರ್_ವಿಪೇಟೆ

ಅಕ್ಕಾ, ಬೀರು ನಮ್ಮಲ್ಲೂ ಇದೆ, ಬೀಗದ ಕೈ ಎಚ್‌ಎಂ ಹತ್ತಿರ. ಒತ್ತಕ್ಷರ ಅವರೇ, ಹಾಗಾದರೆ ಅಸ್ಸಾಂ ಕಡೆಯ ಮಕ್ಕಳಿಗೆ ಏನು ಮಾಡಲಿ? ಮಾತಾಡುವ ಕನ್ನಡ ಬೇಗ ಕಲಿತರು, ಪುಸ್ತಕ ಮುಟ್ಟುವುದಿಲ್ಲ.

ಒತ್ತಕ್ಷರ

ಪ್ರಥಮ್ ಬುಕ್ಸ್‌ನವರ ಮಕ್ಕಳ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್ ನೋಡಿ, 2015ರಿಂದ ಇದೆ, ಡೌನ್‌ಲೋಡ್ ಉಚಿತ. ಕಥೆಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದಲ್ಲಿ ಒಂದು ಪುಟಕ್ಕೆ ಒಂದೆರಡು ಸಾಲು, ಉಳಿದದ್ದು ಚಿತ್ರ. ಕನ್ನಡದಲ್ಲಿ ಬೇಕಾದಷ್ಟಿದೆ, ಮಲಯಾಳ ಇದೆ, ಅಸ್ಸಾಮಿ ಕೂಡ ಇದೆ. ಒಂದೇ ಕಥೆ ಎರಡು ಭಾಷೆಯಲ್ಲಿ ಸಿಕ್ಕಿದರೆ ಪ್ರಿಂಟ್ ತೆಗೆದು ಪಕ್ಕ ಪಕ್ಕ ಇಡಿ. ಆದರೆ ಅಸ್ಸಾಂನವರು ಅಂದ ಕೂಡಲೇ ಮನೆಯಲ್ಲಿ ಅಸ್ಸಾಮಿಯೇ ಮಾತಾಡುತ್ತಾರೆ ಅಂತ ಅಲ್ಲ, ಬಂಗಾಳಿಯೋ ಬೋಡೋನೋ ಇರಬಹುದು. ಮೊದಲು ಕೇಳಿಕೊಳ್ಳಿ. 7ನೆಯವರು 5ನೆಯವರ ಪುಸ್ತಕ ಎತ್ತಿಕೊಂಡರೆ ನಗುವುದು ಬೇಡ, ಅದು ಮುಖ್ಯ.

ನನ್ನ ವಿರೋಧ ಹಾಗೇ ಇದೆ, ಗಣಿತದ ಪೀರಿಯಡ್ ಮುಟ್ಟಿದರೆ ಮಾತ್ರ. ಪ್ರಾರ್ಥನೆ ಆದ ಮೇಲೆ 10 ನಿಮಿಷ ಅಂದರೆ ಸರಿ. ಮಾಡುವುದಾದರೆ ಮುಂದೆ ಹಾಕಬೇಡಿ. ಡಿಸೆಂಬರಿನಲ್ಲಿ ಕಾಫಿ ಕುಯ್ಲು ಶುರುವಾದರೆ ಲೈನ್ ಮನೆಯ ದೊಡ್ಡ ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ, ಹಾಜರಿ ಬೀಳುತ್ತೆ. ಆಮೇಲೆ ಶುರು ಮಾಡಿದರೆ ಯಾರಿಗೆ ಬೇಕಿತ್ತೋ ಅವರೇ ಇರುವುದಿಲ್ಲ.

ಗೋಣಿಕೊಪ್ಪದ_ಅಮ್ಮ

ಟೀಚರ್, ಬೀಗದ ಕೈ ವಿಷಯ ಮುಂದಿನ ಎಸ್‌ಡಿಎಂಸಿ ಮೀಟಿಂಗಿನಲ್ಲಿ ಎತ್ತಿಸಿ. ನೀವು ಕೇಳಬೇಡಿ, ಒಬ್ಬ ಪೋಷಕರಿಂದ ಕೇಳಿಸಿ. ಬೇಗ ಕೆಲಸ ಆಗುತ್ತೆ.