‘ಕಡಲ್ಗಳ್ಳ’ ಎಂಬ ಪದಕ್ಕೆ ಬಿರುದಿನ ಅರ್ಥವೂ ಸಲ್ಲುತ್ತದೆಯೇ?

ಆಪಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳ ಹುಟ್ಟು ಹಾಗೂ ಪೈಪೋಟಿಯನ್ನು ಕುರಿತು 1999ರಲ್ಲಿ ಅಮೆರಿಕದ ಟಿಎನ್‌ಟಿ ವಾಹಿನಿಯಲ್ಲಿ ಪ್ರಸಾರವಾದ ‘ಪೈರೇಟ್ಸ್ ಆಫ್ ಸಿಲಿಕಾನ್ ವ್ಯಾಲಿ’ ಚಿತ್ರದ ಹೆಸರನ್ನು ಕನ್ನಡದಲ್ಲಿ ಹೇಳಲು ‘ಕಡಲ್ಗಳ್ಳರು’ ಎಂಬ ಪದ ಸಾಕಾಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ಸೋಮಾಲಿಯಾ ತೀರದಲ್ಲಿ ಹಡಗುಗಳನ್ನು ಅಪಹರಿಸುವವರನ್ನು ನಮ್ಮ ಪತ್ರಿಕೆಗಳು ಹಾಗೆಯೇ ಕರೆಯುತ್ತವೆ. ಅಲ್ಲಿ ಪದಕ್ಕಿರುವುದು ಅಪರಾಧದ ಅರ್ಥವೊಂದೇ.

ಅಮೆರಿಕದ ಕಂಪ್ಯೂಟರ್ ಉದ್ಯಮದ ನೆಲೆಯಾದ ಸಿಲಿಕಾನ್ ವ್ಯಾಲಿಯಲ್ಲಿ ‘ಪೈರೇಟ್’ (ಕಡಲ್ಗಳ್ಳ) ಎಂಬ ಇಂಗ್ಲಿಷ್ ಪದ ಮೊದಲು ಹೆಮ್ಮೆಯ ಮಾತಾಗಿತ್ತು. ನೌಕಾಪಡೆ ಸೇರುವುದಕ್ಕಿಂತ ಪೈರೇಟ್ ಆಗಿರುವುದೇ ಮೇಲು ಎಂದು ಆಪಲ್‌ನ ಸ್ಟೀವ್ ಜಾಬ್ಸ್ 1983ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರ್ ರೂಪಿಸುತ್ತಿದ್ದ ತಂಡಕ್ಕೆ ಹೇಳಿದ್ದರು. ತಂಡದವರು ಅದನ್ನು ಬಿರುದಿನಂತೆ ಸ್ವೀಕರಿಸಿ, ತಲೆಬುರುಡೆಯ ಕಣ್ಣಿಗೆ ಆಪಲ್‌ನ ಬಣ್ಣಬಣ್ಣದ ಲಾಂಛನವನ್ನೇ ಪಟ್ಟಿಯಾಗಿಸಿದ್ದ ಕಪ್ಪು ಬಾವುಟವನ್ನು ತಮ್ಮ ಕಟ್ಟಡದ ಮೇಲೆ ಹಾರಿಸಿದ್ದರು. ಚಿತ್ರವು ಈ ಬಿರುದನ್ನೇ ಆರೋಪವನ್ನಾಗಿಯೂ ಬಳಸಿತು. ನಕಲು ಯಂತ್ರಗಳ ಕಂಪನಿ ಜಿರಾಕ್ಸ್‌ನ ಸಂಶೋಧನಾ ಕೇಂದ್ರದಲ್ಲಿ 1979ರಲ್ಲಿ ಜಾಬ್ಸ್ ಕಂಡ ಮೌಸ್ ಮತ್ತು ಪರದೆಯ ಮೇಲಿನ ಕಿಟಕಿಗಳ ಕಲ್ಪನೆ ಆಪಲ್‌ಗೆ ಬಂದದ್ದು, ಮುಂದೆ ಮೈಕ್ರೋಸಾಫ್ಟ್‌ನ ವಿಂಡೋಸ್ ಅದೇ ಹಾದಿ ಹಿಡಿದದ್ದು ಅದರ ಕಥೆಯ ತಿರುಳು. (ಜಿರಾಕ್ಸ್‌ಗೆ ಪ್ರತಿಯಾಗಿ ಆಪಲ್‌ನ ಷೇರು ಕೊಳ್ಳುವ ಅವಕಾಶ ದೊರೆತಿತ್ತಾದ್ದರಿಂದ ಅದನ್ನು ಬರಿಯ ಕಳವು ಎನ್ನುವುದು ನ್ಯಾಯವಲ್ಲ.) ಪ್ರೋಗ್ರಾಂ ಬರೆಯಲು ಬಳಸುವ ತಮ್ಮ ‘ಬೇಸಿಕ್’ ತಂತ್ರಾಂಶವನ್ನು ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿದ್ದ ಕಂಪ್ಯೂಟರ್ ಹವ್ಯಾಸಿಗಳಿಗೆ ಅದು ಕಳ್ಳತನವೆಂದು 1976ರಲ್ಲೇ ಬಹಿರಂಗ ಪತ್ರ ಬರೆದಿದ್ದ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಕೂಡ ಇಲ್ಲಿ ಅದೇ ಹೆಸರಿನಡಿ ನಿಲ್ಲುತ್ತಾರೆ.

ಪ್ರತಿಭಾವಂತರೆಂದು ಹೊಗಳಿಸಿಕೊಳ್ಳುತ್ತಿದ್ದ ಈ ಉದ್ಯಮಪತಿಗಳ ಮುಂದೆ ‘ಕಲ್ಪನೆ ಯಾರದು?’ ಎಂಬ ಪ್ರಶ್ನೆಯನ್ನು ಸಾಮಾನ್ಯ ವೀಕ್ಷಕರ ಮನೆಯೊಳಗೇ ಇಟ್ಟದ್ದರಿಂದ ಚಿತ್ರಕ್ಕೆ ಸಾಂಸ್ಕೃತಿಕ ತೂಕ ಬಂದಿತೆಂದು ನನ್ನ ಅಭಿಪ್ರಾಯ. ಫೇಸ್‌ಬುಕ್‌ನ ಹುಟ್ಟನ್ನು ಕುರಿತ 2010ರ ಚಿತ್ರವೂ ಇದೇ ಪ್ರಶ್ನೆಯ ಸುತ್ತ ಬೆಳೆಯುತ್ತದೆ. ಆದ್ದರಿಂದ ಅನುವಾದದಲ್ಲಿ ಹೆಮ್ಮೆ ಮತ್ತು ಆರೋಪ ಎರಡೂ ಉಳಿಯಬೇಕು. ‘ಬಂಡುಕೋರ’ ಎಂದರೆ ಕಳವು ಮರೆಯಾಗುತ್ತದೆ, ‘ಲೂಟಿಕೋರ’ ಎಂದರೆ ಸಾಹಸ ಉಳಿಯುವುದಿಲ್ಲ.

ಕೃಷ್ಣನನ್ನು ಬೆಣ್ಣೆಕಳ್ಳನೆಂದು ಮುದ್ದಿಸುವ ಭಾಷೆಯಲ್ಲಿ ‘ಕಳ್ಳ’ ಪದಕ್ಕೆ ಬೈಗುಳವನ್ನು ಮೀರುವ ಶಕ್ತಿಯಿದೆ, ನಿಜ. ಆದರೆ ಅದು ಅಕ್ಕರೆ, ಎದೆಗಾರಿಕೆಯ ಮೆಚ್ಚುಗೆಯಲ್ಲ. ಸದ್ಯಕ್ಕೆ ನಾನು ‘ಕಡಲ್ಗಳ್ಳರು’ ಎಂದೇ ಬರೆಯುತ್ತಿದ್ದೇನೆ. ಕರಾವಳಿಯ ಆಡುಮಾತಿನಲ್ಲಾಗಲಿ ಹಳೆಯ ಕಾವ್ಯಗಳಲ್ಲಾಗಲಿ ಕಡಲ ದರೋಡೆಕೋರನನ್ನು ಮೆಚ್ಚುಗೆಯಿಂದ ಕರೆಯುವ ಪದವಿದ್ದರೆ, ಬಲ್ಲವರು ಪ್ರಯೋಗದ ಸಂದರ್ಭ ಸಹಿತ ತಿಳಿಸಬೇಕೆಂದು ಕೋರುತ್ತೇನೆ.